‘ನೋ ಕ್ವೆಶ್ಚನ್ ಆಫ್’ ಅಂದರೆ ಆಗುತ್ತೆ ಅಂತಲೋ, ಆಗಲ್ಲ ಅಂತಲೋ?

ಗಡಿಬಿಡಿ:
ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ತಲೆ ಕೆಟ್ಟಿದೆ. ಇಲ್ಲಿ ಭಾಷೆ ಬಲ್ಲವರು ಜಾಸ್ತಿ ಇದ್ದೀರಿ ಅಂತ ಕೇಳುತ್ತಿದ್ದೇನೆ.

ಕೆಲಸದ ವಿಷಯ. ಕ್ಲೈಂಟ್ ಒಬ್ಬರು ‘ಶುಕ್ರವಾರದೊಳಗೆ ಮುಗಿಯುತ್ತಾ?’ ಅಂತ ಇಂಗ್ಲಿಷಿನಲ್ಲಿ ಮೇಲ್ ಮಾಡಿದ್ದರು. ಮುಗಿಯುತ್ತೆ, ಅನುಮಾನವೇ ಬೇಡ ಅಂತ ಹೇಳಬೇಕಿತ್ತು. ಸುಮ್ನೆ ‘ಯೆಸ್’ ಅಂದಿದ್ದರೆ ಆಗುತ್ತಿತ್ತು. ನಾನು ಸ್ವಲ್ಪ ಗತ್ತಿನಲ್ಲಿ ಹೀಗೆ ಬರೆದೆ: ‘ದೇರ್ ಈಸ್ ನೋ ಕ್ವೆಶ್ಚನ್ ಆಫ್ ಫಿನಿಶಿಂಗ್ ಇಟ್ ಬೈ ಫ್ರೈಡೇ.’ ಹತ್ತೇ ನಿಮಿಷದಲ್ಲಿ ಉತ್ತರ ಬಂತು, ನಮ್ಮ ಮ್ಯಾನೇಜರ್‌ಗೂ ಕಾಪಿ ಹಾಕಿ. ಹಾಗಾದರೆ ಯಾವಾಗ ಮುಗಿಸುತ್ತೀರಿ, ಇದನ್ನ ಮೊದಲೇ ಹೇಳೋಕೇನಾಗಿತ್ತು ಅಂತ. ಮ್ಯಾನೇಜರ್ ಎದ್ದು ಬಂದು ನನ್ನ ಮೇಜಿನ ಹತ್ತಿರ ನಿಂತರು.

ನನ್ನ ಲೆಕ್ಕ ಇಷ್ಟೇ. ಕ್ವೆಶ್ಚನ್ ಅಂದರೆ ಪ್ರಶ್ನೆ. ಪ್ರಶ್ನೆ ಇಲ್ಲ ಅಂದಮೇಲೆ ಅನುಮಾನ ಇಲ್ಲ. ಅನುಮಾನ ಇಲ್ಲ ಅಂದಮೇಲೆ ಖಂಡಿತ. ಇದರಲ್ಲಿ ತಪ್ಪೆಲ್ಲಿದೆ? ಮ್ಯಾನೇಜರ್ ‘ತಪ್ಪು’ ಅಂದರೇ ಹೊರತು ಯಾಕೆ ಅಂತ ಹೇಳಲಿಲ್ಲ. ಅವರಿಗೂ ಗೊತ್ತಿಲ್ಲ ಅಂತ ನನ್ನ ಗುಮಾನಿ.

ಅಲ್ಪವಿರಾಮ:
ಆಫ್ ಬಂದರೆ ‘ಆಗಲ್ಲ’. ದಟ್ ಬಂದರೆ ‘ಖಂಡಿತ ಆಗುತ್ತೆ’. ನೀವು ಬರೆದದ್ದು ‘ಶುಕ್ರವಾರ ಮುಗಿಸೋ ಮಾತು ಬಿಟ್ಟುಬಿಡಿ’ ಅಂತ. ‘ದೇರ್ ಈಸ್ ನೋ ಕ್ವೆಶ್ಚನ್ ದಟ್ ವಿ ವಿಲ್ ಫಿನಿಶ್ ಇಟ್ ಬೈ ಫ್ರೈಡೇ’ ಅಂದಿದ್ದರೆ ಮ್ಯಾನೇಜರ್ ಕೂತಲ್ಲೇ ಕೂತಿರುತ್ತಿದ್ದರು.

ಕೊಂಕು:
ಒಂದು ಚೋಟುದ್ದ ‘ಆಫ್’ಗೆ ಇಷ್ಟು ರಾದ್ಧಾಂತವಾ? ಕ್ಲೈಂಟ್‌ಗೂ ಸ್ವಲ್ಪ ತಲೆ ಓಡಬೇಕಿತ್ತಪ್ಪ. ಹಿಂದೆ ಮುಂದೆ ನೋಡಿದರೆ ಅರ್ಥ ಆಗುತ್ತಲ್ವಾ.

ಗಡಿಬಿಡಿ:
@ಕೊಂಕು ಹಿಂದೆ ಮುಂದೆ ಏನೂ ಇರಲಿಲ್ಲ ಸಾರ್, ಆ ಒಂದೇ ಸಾಲು. ಕೊನೆಗೆ ಒಂದು ನಗುಮುಖ ಬೇರೆ ಹಾಕಿದ್ದೆ. ಅದನ್ನ ನೋಡಿ ಇನ್ನೂ ಜಾಸ್ತಿ ಸಿಟ್ಟು ಬಂದಿರಬೇಕು.

ಸುಮ್ನೆಓದ್ತೀನಿ:
ನಗುಮುಖ 😂😂 ‘ನಿಮ್ಮ ಕೆಲಸ ಆಗೋದೇ ಇಲ್ಲ, ಹಿಹಿ.’

ನಿವೃತ್ತಮೇಷ್ಟ್ರು:
ಅಲ್ಪವಿರಾಮ ಅವರು ಹೇಳಿದ್ದು ಸರಿ, ಆದರೆ ಕಾರಣ ಹೇಳಲಿಲ್ಲ. ಕಾರಣ ಗೊತ್ತಿಲ್ಲದೆ ನೆನಪಿಟ್ಟುಕೊಂಡರೆ ಆರು ತಿಂಗಳಿಗೆ ಮತ್ತೆ ಅದಲು ಬದಲಾಗುತ್ತೆ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಪ್ರತಿ ವರ್ಷ ಇದೇ ಕಥೆ.

‘ಕ್ವೆಶ್ಚನ್’ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಒಂದೇ ಅರ್ಥ ಇಲ್ಲ. ಕೇಳುವ ಪ್ರಶ್ನೆ ಒಂದು. ಸಂದೇಹ ಅನ್ನೋದು ಇನ್ನೊಂದು. ಮೂರನೆಯದನ್ನ ನಾವು ಮರೆಯುತ್ತೇವೆ: ಚರ್ಚೆಗೆ ಇಟ್ಟ ವಿಷಯ. ಬ್ರಿಟಿಷ್ ಸಂಸತ್ತಿನಲ್ಲಿ ಸ್ಪೀಕರ್ ‘ಪುಟ್ ದ ಕ್ವೆಶ್ಚನ್’ ಮಾಡುತ್ತಾರೆ. ಅಂದರೆ ಯಾರನ್ನೋ ಪ್ರಶ್ನೆ ಕೇಳುತ್ತಾರೆ ಅಂತಲ್ಲ. ಸದನದ ಮುಂದಿರುವ ವಿಷಯವನ್ನು ಮತಕ್ಕೆ ಹಾಕುತ್ತಾರೆ ಅಂತ. ಲ್ಯಾಟಿನ್ ಮೂಲದಲ್ಲಿ ಆ ಪದಕ್ಕೆ ಹುಡುಕುವುದು, ಕೇಳುವುದು ಅಂತ ಅರ್ಥ.

ಈಗ ನೋಡಿ. ‘ನೋ ಕ್ವೆಶ್ಚನ್ ದಟ್’ ಅನ್ನೋವಾಗ ಕ್ವೆಶ್ಚನ್ ಅಂದರೆ ಸಂದೇಹ. ಸಂದೇಹ ಇಲ್ಲ, ಆದ್ದರಿಂದ ಖಂಡಿತ. ‘ನೋ ಕ್ವೆಶ್ಚನ್ ಆಫ್’ ಅನ್ನೋವಾಗ ಅದು ವಿಷಯ. ಆ ವಿಷಯವೇ ನಮ್ಮ ಮುಂದಿಲ್ಲ, ಆದ್ದರಿಂದ ಅದು ಆಗೋದಿಲ್ಲ. ಪದ ಒಂದೇ, ಇಲ್ಲ ಅನ್ನೋದೂ ಒಂದೇ. ಏನು ಇಲ್ಲ ಅನ್ನೋದು ಬೇರೆ.

ಕನ್ನಡದಲ್ಲೂ ಈ ಮೂರನೇ ಅರ್ಥ ಇದೆ. ‘ಇದು ಹೊಟ್ಟೆಪಾಡಿನ ಪ್ರಶ್ನೆ’ ಅಂತೀವಿ. ಅದಕ್ಕೆ ಯಾರಾದರೂ ಉತ್ತರ ಬರೆಯೋಕೆ ಕೂರುತ್ತಾರಾ?

ಎರಡನೇಸಾಲು:
ಮೇಷ್ಟ್ರೇ, ನಿಮ್ಮ ಹತ್ತಿರ ಓದಿದ್ದರೆ ನಾನೂ ಪಾಸಾಗ್ತಿದ್ದೆ.

ಹಳೇಪೆನ್ಸಿಲ್:
ಮೇಷ್ಟ್ರು ಹೇಳಿದ್ದನ್ನ ಓದುವಾಗ ಒಂದು ಹೊಳೆಯಿತು. ‘ಪ್ರಶ್ನೆ’ ಅಂತ ಅನುವಾದ ಮಾಡಿಕೊಂಡು ಒದ್ದಾಡೋ ಬದಲು ‘ಮಾತು’ ಅಂದುಕೊಂಡು ನೋಡಿ.

‘ಅವನು ಬರೋ ಮಾತೇ ಇಲ್ಲ.’ ಬರಲ್ಲ.
‘ಅವನು ಬರ್ತಾನೆ, ಅದರಲ್ಲಿ ಎರಡು ಮಾತಿಲ್ಲ.’ ಬರ್ತಾನೆ.

ಎರಡರಲ್ಲೂ ಮಾತು ಇಲ್ಲ. ಮೊದಲನೆಯದರಲ್ಲಿ ಬರೋದರ ಬಗ್ಗೆ ಮಾತೇ ಎದ್ದಿಲ್ಲ, ಅದು ಆಫ್. ಎರಡನೆಯದರಲ್ಲಿ ಅದಕ್ಕೆ ಎದುರು ಮಾತಿಲ್ಲ, ಅದು ದಟ್. ನಮ್ಮ ಅಜ್ಜಿ ಒಂದಕ್ಷರ ಇಂಗ್ಲಿಷ್ ಕಲಿತವರಲ್ಲ, ಆದರೆ ಇವೆರಡನ್ನ ಒಮ್ಮೆಯೂ ಅದಲು ಬದಲು ಮಾಡಿದವರಲ್ಲ.

ಅಲ್ಪವಿರಾಮ:
ಅಬ್ಬಾ. ಇದು ನನಗೆ ಹೊಳೆದಿರಲೇ ಇಲ್ಲ. ನನ್ನ ಆಫ್/ದಟ್ ಸೂತ್ರ ಕಿತ್ತುಹಾಕಿ, ಇದನ್ನ ಇಟ್ಟುಕೊಳ್ಳಿ.

ಕೊಂಕು:
ಚೆನ್ನಾಗಿದೆ, ಒಪ್ಪಿದೆ. ಆದರೆ ‘ಅವನ ಕೆಲಸದ ಬಗ್ಗೆ ಮಾತೇ ಇಲ್ಲ!’ ಅಂತೀವಲ್ಲ, ಬಾಯಿತುಂಬ ಹೊಗಳುವಾಗ? ಅದು ಆಫೋ ದಟ್ಟೋ?

ಸುಮ್ನೆಓದ್ತೀನಿ:
‘ಅವರಿಬ್ಬರಿಗೂ ಎರಡು ವರ್ಷದಿಂದ ಮಾತಿಲ್ಲ’ ಅನ್ನೋದನ್ನ ಎಲ್ಲಿಗೆ ಸೇರಿಸೋಣ?

ಹಳೇಪೆನ್ಸಿಲ್:
@ಕೊಂಕು ಅದು ಹೇಳೋಕೆ ಮಾತು ಸಾಲಲ್ಲ ಅನ್ನೋ ಅರ್ಥ. ಮೂರನೇ ಖಾನೆ.
@ಸುಮ್ನೆಓದ್ತೀನಿ ಅದನ್ನ ನಿಮ್ಮ ಮನೆಯಲ್ಲೇ ಇತ್ಯರ್ಥ ಮಾಡ್ಕೊಳ್ಳಿ.

ತರ್ಜುಮೆಗಾರ್ತಿ:
ಗಡಿಬಿಡಿ ಅವರೇ, ನೀವು ಇಂಗ್ಲಿಷ್ ಬರೆಯೋವಾಗ ಜಾರಿದ್ದೀರಿ. ನಾನು ಇಂಗ್ಲಿಷ್ ಓದೋವಾಗ ಜಾರಿದವಳು. ಅದು ಇನ್ನೂ ಕೆಟ್ಟದ್ದು, ಯಾಕೆಂದರೆ ನನ್ನದು ಅಚ್ಚಾಯಿತು.

ಅನುವಾದದ ಕೆಲಸ ಶುರು ಮಾಡಿದ ಹೊಸತು. ಒಂದು ಲೇಖನದಲ್ಲಿ ‘ದೇರ್ ಈಸ್ ನೋ ಕ್ವೆಶ್ಚನ್ ದಟ್ ಹಿ ಲೈಡ್’ ಅಂತ ಇತ್ತು. ಅವನು ಸುಳ್ಳು ಹೇಳಿದ್ದು ಖಚಿತ ಅಂತ. ನಾನು ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಿನಲ್ಲಿ ‘ಅವನು ಸುಳ್ಳು ಹೇಳಿದ ಪ್ರಶ್ನೆಯೇ ಇಲ್ಲ’ ಅಂತ ಬರೆದು ಕಳಿಸಿದೆ. ಒಂದು ಸಾಲಿನಲ್ಲಿ ಸುಳ್ಳುಗಾರನನ್ನ ಸತ್ಯವಂತ ಮಾಡಿಬಿಟ್ಟೆ. ಮುಂದಿನ ಪ್ಯಾರಾದಲ್ಲಿ ಅವನ ಸುಳ್ಳುಗಳ ಪಟ್ಟಿ! ಇದನ್ನ ಹಿಡಿದದ್ದು ಸಂಪಾದಕರಲ್ಲ, ಒಬ್ಬ ಓದುಗರು. ಪತ್ರ ಬರೆದು ‘ಈ ಲೇಖಕರಿಗೆ ತಾವೇ ಹೇಳಿದ್ದು ನೆನಪಿರಲ್ಲವಾ?’ ಅಂತ ಕೇಳಿದ್ದರು. ಪಾಪ, ಬೈಸಿಕೊಂಡದ್ದು ಮೂಲ ಲೇಖಕ.

ಆಮೇಲೆ ನಾನು ಒಂದು ಪದ್ಧತಿ ಮಾಡಿಕೊಂಡೆ. ‘ನೋ ಕ್ವೆಶ್ಚನ್’ ಕಂಡ ಕೂಡಲೇ ಪೆನ್ನು ಕೆಳಗಿಟ್ಟು ಮುಂದಿನ ಪದ ಏನು ಅಂತ ಬೆರಳಿಟ್ಟು ನೋಡೋದು.

ರಾತ್ರಿಪಾಳಿ:
ನನಗೆ ಒಂದು ತಕರಾರಿದೆ. ‘ಪ್ರಶ್ನೆಯೇ ಇಲ್ಲ’ ಅನ್ನೋದೇ ಕನ್ನಡ ಅಲ್ಲ ಅನಿಸುತ್ತೆ. ‘ರಾಜೀನಾಮೆ ಕೊಡುವ ಪ್ರಶ್ನೆಯೇ ಇಲ್ಲ’ ಅಂತ ಪೇಪರಿನವರು ದಿನಾ ಬರೆದೂ ಬರೆದೂ ನಮಗೆ ರೂಢಿ ಆಗಿದೆ ಅಷ್ಟೇ. ಅದು ‘ನೋ ಕ್ವೆಶ್ಚನ್ ಆಫ್ ರಿಸೈನಿಂಗ್’ ಅನ್ನೋದರ ಪಡಿಯಚ್ಚು. ಮನೆಯಲ್ಲಿ ಯಾರು ಹಾಗೆ ಮಾತಾಡುತ್ತಾರೆ? ‘ನಾನು ಎದ್ದು ಬಾಗಿಲು ತೆಗೆಯುವ ಪ್ರಶ್ನೆಯೇ ಇಲ್ಲ’ ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ?

ಬಾಲಂಗೋಚಿ:
ನಮ್ಮನೆಯವರು ಅಂತಾರೆ. ಭಾನುವಾರ ಬೆಳಿಗ್ಗೆ.

ತರ್ಜುಮೆಗಾರ್ತಿ:
ರಾತ್ರಿಪಾಳಿ, ಇಂಗ್ಲಿಷಿನಿಂದ ಬಂದಿರಬಹುದು, ಇಲ್ಲ ಅನ್ನಲ್ಲ. ಆದರೆ ಬಂದು ತುಂಬಾ ಕಾಲ ಆಗಿ ಒಗ್ಗಿಹೋಗಿದೆ. ಓದುಗರಿಗೆ ಥಟ್ಟನೆ ಅರ್ಥ ಆಗುತ್ತೆ. ನನಗೆ ತೊಂದರೆ ಬೇರೆ ಕಡೆ. ಕನ್ನಡದ ‘ಪ್ರಶ್ನೆಯೇ ಇಲ್ಲ’ ಆಫ್ ಕಡೆಗೆ ಮಾತ್ರ ವಾಲುತ್ತೆ, ದಟ್ ಕಡೆಗೆ ಹೋಗೋದು ಕಡಿಮೆ. ಅದಕ್ಕೇ ದಟ್ ಬಂದಾಗ ಅದನ್ನ ಬಳಸಿದರೆ ತಲೆಕೆಳಗಾಗುತ್ತೆ. ದಟ್‌ಗೆ ಖಂಡಿತ, ನಿಸ್ಸಂದೇಹವಾಗಿ, ಎರಡು ಮಾತಿಲ್ಲ, ಏನು ಬೇಕಾದರೂ ಹಾಕಿ. ಪ್ರಶ್ನೆಯೊಂದನ್ನು ಬಿಟ್ಟು.

ರಾತ್ರಿಪಾಳಿ:
ಒಗ್ಗಿಹೋಗಿದೆ ಅಂದಮೇಲೆ ನನ್ನ ತಕರಾರು ವಾಪಸ್. ಆದರೂ ನಾನು ಬರೆಯೋವಾಗ ‘ಆ ಮಾತೇ ಇಲ್ಲ’ ಅಂತಲೇ ಬರೆಯೋದು.

ಎರಡನೇಸಾಲು:
ರಾಜೀನಾಮೆ ಅಂದಾಗ ನೆನಪಾಯ್ತು. ಅಲ್ಲಿ ‘ಅಸಾಧ್ಯ’ ಅನ್ನೋ ಅರ್ಥವೇ ಇಲ್ಲವಲ್ಲ? ರಾಜೀನಾಮೆ ಕೊಡೋದು ಸಾಧ್ಯ. ಒಂದು ಕಾಗದ, ಒಂದು ಸಹಿ. ಕೊಡೋಕೆ ಮನಸ್ಸಿಲ್ಲ ಅಷ್ಟೇ. ಹಾಗಾಗಿ ‘ನೋ ಕ್ವೆಶ್ಚನ್ ಆಫ್’ ಅಂದರೆ ಅಸಾಧ್ಯ ಅಂತ ಬರೆದುಕೊಳ್ಳೋದು ಪೂರ್ತಿ ಸರಿಯಲ್ಲ.

ನಿವೃತ್ತಮೇಷ್ಟ್ರು:
ನೀವು ಪಾಸಾಗ್ತಿದ್ರಿ ಬಿಡಿ. ಸರಿಯಾದ ಜಾಗ ಹಿಡಿದಿದ್ದೀರಿ. ಅದು ‘ಆಗೋಕೆ ಸಾಧ್ಯವಿಲ್ಲ’ ಅನ್ನೋದಕ್ಕಿಂತ ‘ಆ ಯೋಚನೆಯನ್ನೇ ಮಾಡಿಲ್ಲ, ಮಾಡೋದೂ ಇಲ್ಲ’ ಅನ್ನೋ ಕಡೆಗಿದೆ. ‘ಔಟ್ ಆಫ್ ದ ಕ್ವೆಶ್ಚನ್’ ಕೂಡ ಹಾಗೇ. ಕಾಲು ಮುರಿದವನಿಗೆ ಓಡೋದು ಔಟ್ ಆಫ್ ದ ಕ್ವೆಶ್ಚನ್ ಅನ್ನಬಹುದು. ಆದರೆ ಅಪ್ಪ ಮಗನಿಗೆ ‘ಬೈಕು? ಔಟ್ ಆಫ್ ದ ಕ್ವೆಶ್ಚನ್’ ಅಂದಾಗ ಅಪ್ಪನ ಹತ್ತಿರ ದುಡ್ಡಿರಬಹುದು, ಬೈಕೂ ಸಿಗಬಹುದು. ಮಾತು ಮುಗಿದಿದೆ ಅಂತ ಅಷ್ಟೇ.

ಗಡಿಬಿಡಿ:
ಅಯ್ಯೋ. ಹಾಗಾದರೆ ನಾನು ಕ್ಲೈಂಟ್‌ಗೆ ‘ಮುಗಿಸೋಕೆ ಆಗಲ್ಲ’ ಅಂತ ಕೂಡ ಬರೆದಿಲ್ಲ. ‘ಮುಗಿಸೋ ಯೋಚನೆಯೇ ನಮಗಿಲ್ಲ’ ಅಂತ ಬರೆದಿದ್ದೀನಿ.

ಅಲ್ಪವಿರಾಮ:
ನಗುಮುಖದ ಜೊತೆ.

ಕೊಂಕು:
ನೀವೆಲ್ಲ ಸೇರಿ ನಿಯಮ ಗಟ್ಟಿ ಮಾಡ್ತಿದ್ದೀರಿ, ಒಂದು ಕಲ್ಲು ಹಾಕ್ತೀನಿ. ‘ದೇರ್ ವಾಸ್ ನೋ ಕ್ವೆಶ್ಚನ್ ಆಫ್ ಹಿಸ್ ಆನೆಸ್ಟಿ.’ ಆಫ್ ಇದೆ. ನಿಮ್ಮ ಸೂತ್ರದ ಪ್ರಕಾರ ಅವನಲ್ಲಿ ಪ್ರಾಮಾಣಿಕತೆ ಅನ್ನೋದೇ ಇರಲಿಲ್ಲ ಅಂತಾಗಬೇಕು. ಆದರೆ ಇದನ್ನ ಓದಿದ ಯಾರಿಗೂ ಹಾಗೆ ಅನಿಸಲ್ಲ. ಅವನ ಪ್ರಾಮಾಣಿಕತೆ ಬಗ್ಗೆ ಯಾರಿಗೂ ಸಂಶಯ ಇರಲಿಲ್ಲ ಅಂತಲೇ ಅರ್ಥ. ಈಗ ಹೇಳಿ, ಆಫ್ ಬಂದರೆ ಆಗಲ್ಲ ಅಂದವರು ಎಲ್ಲಿ?

ಅಲ್ಪವಿರಾಮ:
ನಾನು ಆಗಲೇ ಸೂತ್ರ ಕಿತ್ತುಹಾಕಿ ಅಂದಿದ್ದೆ. ನನ್ನ ಹೆಸರು ಬಿಡಿ.

ಹಳೇಪೆನ್ಸಿಲ್:
ಕೊಂಕು ಈ ಸಲ ಕೊಂಕಿಲ್ಲದೆ ಒಳ್ಳೆ ಮಾತು ಹೇಳಿದ್ದಾರೆ. ನನಗೆ ತೋಚಿದ್ದು: ಆಫ್ ಆದಮೇಲೆ ಮುಂದೆ ನಡೆಯಬೇಕಾದ ಕೆಲಸ ಬಂದರೆ (ಹೋಗೋದು, ಕೊಡೋದು, ಮುಗಿಸೋದು) ಅದು ನಡೆಯಲ್ಲ ಅಂತ. ಆಗಲೇ ಇರುವ ಗುಣ ಬಂದರೆ (ಪ್ರಾಮಾಣಿಕತೆ, ಜಾಣತನ) ಅದರ ಬಗ್ಗೆ ಸಂಶಯ ಇಲ್ಲ ಅಂತ. ಗುಣವನ್ನ ಯಾರೂ ‘ನಡೆಸೋದು’ ಇಲ್ಲವಲ್ಲ, ಅದಕ್ಕೇ ಇಂಗ್ಲಿಷಿನವರ ಕಿವಿ ಆ ಕಡೆ ತಿರುಗುತ್ತೆ.

ಆದರೆ ‘ನೋ ಕ್ವೆಶ್ಚನ್ ಆಫ್ ಹಿಸ್ ಗಿಲ್ಟ್’ ಅಂದರೆ? ತಪ್ಪಿತಸ್ಥ ಅನ್ನೋದರಲ್ಲಿ ಅನುಮಾನ ಇಲ್ಲ ಅಂತಲೂ ಓದಬಹುದು, ತಪ್ಪಿತಸ್ಥ ಅನ್ನೋ ಮಾತೇ ಬಂದಿಲ್ಲ ಅಂತಲೂ ಓದಬಹುದು. ಇಂಥ ಕಡೆ ನಾನಾದರೆ ಆಫ್ ಮುಟ್ಟಲ್ಲ. ‘ಅಬೌಟ್’ ಹಾಕ್ತೀನಿ. ಅಬೌಟ್ ಬಂದರೆ ಸಂಶಯದ ಅರ್ಥವೇ ಮೊದಲು ಬರುತ್ತೆ. ‘ನೋ ಕ್ವೆಶ್ಚನ್ ಅಬೌಟ್ ಇಟ್’ ಅಂದರೆ ಖಂಡಿತ, ಅಷ್ಟೇ.

ತರ್ಜುಮೆಗಾರ್ತಿ:
ಹೌದು, ಗಿಲ್ಟ್ ಉದಾಹರಣೆ ಭಯ ಹುಟ್ಟಿಸುತ್ತೆ. ಅನುವಾದದಲ್ಲಿ ಒಬ್ಬ ಮನುಷ್ಯ ಜೈಲಿಗೆ ಹೋಗೋದೂ ಬರೋದೂ ಒಂದು ಪದದ ಮೇಲೆ ನಿಂತಿರುತ್ತೆ.

ಬಾಲಂಗೋಚಿ:
ನಾನು ಯಾವಾಗಲೂ ‘ಔಟ್ ಆಫ್ ಕ್ವೆಶ್ಚನ್’ ಅಂತೀನಿ, ಮಧ್ಯೆ ‘ದ’ ಇಲ್ಲದೆ. ಮೇಲೆ ಮೇಷ್ಟ್ರು ‘ದ’ ಹಾಕಿದ್ದಾರೆ. ಏನು ವ್ಯತ್ಯಾಸ? ನಮಗೆ ಈ ‘ದ’ ಅನ್ನೋದೇ ಒಂದು ಪೀಡೆ.

ನಿವೃತ್ತಮೇಷ್ಟ್ರು:
ಈ ಕಡೆ ‘ದ’ ಬೇಕೇ ಬೇಕು. ಹಿಂದೆ ‘ದ’ ಇಲ್ಲದ ‘ಔಟ್ ಆಫ್ ಕ್ವೆಶ್ಚನ್’ ಕೂಡ ಚಾಲ್ತಿಯಲ್ಲಿತ್ತು. ಅದಕ್ಕೆ ಅರ್ಥ ಪೂರ್ತಿ ಉಲ್ಟಾ, ‘ನಿಸ್ಸಂದೇಹವಾಗಿ’ ಅಂತ. ಶೇಕ್ಸ್‌ಪಿಯರ್ ಹಾಗೇ ಬಳಸಿದ್ದಾನೆ. ಈಗ ಅದು ಬಳಕೆ ತಪ್ಪಿದೆ. ಈಗ ಯಾರಾದರೂ ‘ದ’ ಬಿಟ್ಟರೆ ಓದುವವರು ‘ದ’ ಮರೆತಿದ್ದಾರೆ ಅಂದುಕೊಳ್ಳುತ್ತಾರೆ. ‘ಖಂಡಿತ’ ಅನ್ನೋ ಅರ್ಥ ಬೇಕಾದರೆ ‘ಬಿಯಾಂಡ್ ಕ್ವೆಶ್ಚನ್’, ‘ವಿದೌಟ್ ಕ್ವೆಶ್ಚನ್’ ಇವೆ. ಅಲ್ಲಿ ‘ದ’ ಬೇಡ.

ಬಾಲಂಗೋಚಿ:
ಅಂದರೆ ಔಟ್‌ಗೆ ದ ಬೇಕು, ವಿದೌಟ್‌ಗೆ ದ ಬೇಡ. ಈ ಭಾಷೆ ಮಾಡಿದವರು ಎಲ್ಲಿ ಸಿಗ್ತಾರೆ?

ಮೂರನೇಭಾಷೆ:
ಇದು ಬರೀ ಇಂಗ್ಲಿಷಿನ ರೋಗ ಅಲ್ಲ. ನಾನು ಜರ್ಮನ್ ಕಲೀತಿದ್ದೀನಿ. ಅಲ್ಲಿ ಫ್ರಾಗೆ ಅಂದರೆ ಪ್ರಶ್ನೆ. ‘ಕೈನೆ ಫ್ರಾಗೆ’ (ಪ್ರಶ್ನೆ ಇಲ್ಲ) ಅಂದರೆ ನಿಸ್ಸಂದೇಹ. ‘ಕಾಮ್ಟ್ ನಿಷ್ಟ್ ಇನ್ ಫ್ರಾಗೆ’ (ಪ್ರಶ್ನೆಯೊಳಗೆ ಬರಲ್ಲ) ಅಂದರೆ ಆ ಮಾತೇ ಇಲ್ಲ. ಫ್ರೆಂಚಿನಲ್ಲೂ ‘ಔಟ್ ಆಫ್ ದ ಕ್ವೆಶ್ಚನ್’ಗೆ ಸರಿಸಮಾನವಾಗಿ ‘ಓರ್ ದ ಕೆಸ್ತ್ಯೋಂ’ ಇದೆ, ಅದಕ್ಕೂ ಆ ಮಾತೇ ಇಲ್ಲ ಅಂತಲೇ ಅರ್ಥ. ಒಟ್ಟಿನಲ್ಲಿ ಪ್ರಶ್ನೆ ಇಲ್ಲದಿದ್ದರೆ ಎಲ್ಲ ಕಡೆ ಫಜೀತಿ.

ರಾತ್ರಿಪಾಳಿ:
ಫ್ರೆಂಚ್ ಉಚ್ಚಾರ ನೋಡಿ ನನ್ನ ಫೋನ್ ಸೀನಿತು.

ಸುಮ್ನೆಓದ್ತೀನಿ:
ನಾನು ಸೇಫಾಗಿ ‘ನೋ ಡೌಟ್’ ಬಳಸ್ತೀನಪ್ಪ. ಅದರಲ್ಲಿ ಏನೂ ಗೋಜಿಲ್ಲ.

ನಿವೃತ್ತಮೇಷ್ಟ್ರು:
ಇದೆ, ಕೂತ್ಕೊಳ್ಳಿ. ‘ದೇರ್ ಈಸ್ ನೋ ಡೌಟ್ ದಟ್’ ಅಂದರೆ ಗಟ್ಟಿ. ಬರೀ ‘ನೋ ಡೌಟ್’ ಅಂತ ವಾಕ್ಯದ ಮುಂದೆ ಹಾಕಿದರೆ ಅಷ್ಟು ಗಟ್ಟಿ ಇಲ್ಲ. ‘ನೋ ಡೌಟ್ ಹಿ ವಿಲ್ ಕಾಲ್ ಲೇಟರ್’ ಅಂದರೆ ಬಹುಶಃ ಆಮೇಲೆ ಫೋನ್ ಮಾಡ್ತಾನೆ, ಮಾಡೇ ಮಾಡ್ತಾನೆ ಅಂತಲ್ಲ. ಇಲ್ಲವೇ ‘ಅವನು ಬುದ್ಧಿವಂತ ನಿಜ, ಆದರೆ’ ಅಂತ ಒಂದು ಹೆಜ್ಜೆ ಹಿಂದೆ ಹಾಕೋಕೆ ಬಳಸ್ತಾರೆ. ‘ನೋ ಡೌಟ್’ ಕೇಳಿದರೆ ಹಿಂದೆ ಒಂದು ‘ಬಟ್’ ಬರುತ್ತಾ ಅಂತ ಕಾಯಬೇಕು.

ಎರಡನೇಸಾಲು:
ನಮ್ಮ ಬಾಯಲ್ಲಿ ಡೌಟು ಇನ್ನೂ ಚೆಂದ. ‘ಅವನು ಬರೋದು ಡೌಟು’ ಅಂದರೆ ಬರಲ್ಲ. ‘ಸಾರ್, ಒಂದು ಡೌಟು’ ಅಂದರೆ ಪ್ರಶ್ನೆ. ‘ಡೌಟೇ ಬೇಡ’ ಅಂದರೆ ಖಂಡಿತ. ಇಂಗ್ಲಿಷಿನವರು ಕ್ವೆಶ್ಚನ್ ಅನ್ನ ಡೌಟ್ ಮಾಡಿದ್ದಾರೆ, ನಾವು ಡೌಟನ್ನ ಕ್ವೆಶ್ಚನ್ ಮಾಡಿದ್ದೀವಿ. ಲೆಕ್ಕ ಚುಕ್ತಾ.

ಮೂರನೇಭಾಷೆ:
ಇದು ನಿಜ. ಕ್ಲಾಸಿನಲ್ಲಿ ‘ಐ ಹ್ಯಾವ್ ಎ ಡೌಟ್’ ಅಂದೆ. ಟೀಚರ್ ಮುಖ ಚಿಕ್ಕದಾಯಿತು, ತಾನು ಹೇಳಿದ್ದನ್ನ ಇವನು ನಂಬ್ತಿಲ್ಲ ಅಂದುಕೊಂಡರು.

ಅಲ್ಪವಿರಾಮ:
ಇಷ್ಟೆಲ್ಲ ಆದಮೇಲೆ ನನ್ನದೂ ಒಂದು. ‘ನೋ ಕ್ವೆಶ್ಚನ್ ಆಫ್ ಹಿಮ್ ರಿಸೈನಿಂಗ್’ ಸರಿಯಾ, ‘ಹಿಸ್ ರಿಸೈನಿಂಗ್’ ಸರಿಯಾ? ನಮ್ಮ ಆಫೀಸಿನಲ್ಲಿ ಒಬ್ಬರು ಹಿಮ್ ಕಂಡರೆ ಕೆಂಪು ಗೆರೆ ಎಳೀತಾರೆ.

ನಿವೃತ್ತಮೇಷ್ಟ್ರು:
ಆ ಕೆಂಪು ಗೆರೆಗೆ ನೂರು ವರ್ಷದ ಇತಿಹಾಸ ಇದೆ. ಫೌಲರ್ ಅಂತ ಇಂಗ್ಲಿಷ್ ಬಳಕೆಯ ದೊಡ್ಡ ಪಂಡಿತ. 1926ರಲ್ಲಿ ಬಂದ ಅವರ ನಿಘಂಟಿನಲ್ಲಿ ‘ಹಿಮ್ ರಿಸೈನಿಂಗ್’ ಥರದ್ದಕ್ಕೆ ‘ಫ್ಯೂಸ್ಡ್ ಪಾರ್ಟಿಸಿಪಲ್’ ಅಂತ ಕರೆದು ಚೆನ್ನಾಗಿ ಬೈದಿದ್ದಾರೆ. ಹಿಸ್ ಅಂತಲೇ ಬರೀಬೇಕು ಅಂತ ಅವರ ವಾದ. ಡೆನ್ಮಾರ್ಕಿನ ವಿದ್ವಾಂಸ ಯೆಸ್ಪರ್‌ಸನ್ ಇದನ್ನ ಒಪ್ಪಲಿಲ್ಲ. ಒಳ್ಳೊಳ್ಳೆ ಬರಹಗಾರರೇ ಹಾಗೆ ಬರೆದಿದ್ದಾರೆ, ನೋಡಿ ಅಂತ ಉದಾಹರಣೆ ಸುರಿದರು. ಈಗ ಎರಡೂ ನಡೆಯುತ್ತೆ. ಹಿಸ್ ಸ್ವಲ್ಪ ಕೋಟು ಹಾಕಿಕೊಂಡಂತೆ, ಹಿಮ್ ಮನೆ ಬಟ್ಟೆ.

ಹಳೇಪೆನ್ಸಿಲ್:
ಕನ್ನಡದವರಿಗೆ ಹಿಮ್ ಸಹಜವಾಗಿ ಬರೋಕೆ ಕಾರಣ ಇರಬಹುದು. ನಾವು ‘ಅವನು ಬರೋ ಮಾತು’ ಅಂತೀವಿ, ‘ಅವನ ಬರೋ ಮಾತು’ ಅನ್ನಲ್ಲ.

ಕೊಂಕು:
ಯೆಸ್ಪರ್‌ಸನ್ ಹೊರಗಿನವರಾಗಿ ಇಂಗ್ಲಿಷಿನವರಿಗೇ ಇಂಗ್ಲಿಷ್ ಹೇಳಿಕೊಟ್ಟರಾ? ಗಡಿಬಿಡಿ, ನಿಮಗೂ ಭವಿಷ್ಯ ಇದೆ.

ರಾತ್ರಿಪಾಳಿ:
ಇಲ್ಲ ಅನ್ನೋದರ ಬಗ್ಗೆ ಮಾತು ಬಂದಿದೆ ಅಂತ ಕೇಳ್ತೀನಿ. ‘ದೇರ್ ಈಸ್ ನೋ ಸಚ್ ಥಿಂಗ್ ಲೈಕ್ ದಟ್’ ತಪ್ಪಾ? ನಾನು ದಿನಕ್ಕೆ ನಾಲ್ಕು ಸಲ ಹೇಳ್ತೀನಿ.

ತರ್ಜುಮೆಗಾರ್ತಿ:
ತಪ್ಪು ಅನ್ನೋದಕ್ಕಿಂತ ಎರಡು ಸಲ ಹೇಳಿದಂತೆ. ಸಚ್ ಅಂದರೇ ‘ಅಂಥ’. ‘ಲೈಕ್ ದಟ್’ ಅಂದರೂ ‘ಅಂಥ’. ‘ಅಂಥದ್ದಂಥದ್ದೇನೂ ಇಲ್ಲ’ ಆಯ್ತು. ‘ನೋ ಸಚ್ ಥಿಂಗ್’ ಅಂತ ನಿಲ್ಲಿಸಿ, ಇಲ್ಲವೇ ‘ನಥಿಂಗ್ ಲೈಕ್ ದಟ್’ ಅನ್ನಿ. ಹೆಸರು ಹೇಳೋದಿದ್ದರೆ ‘ಆಸ್’ ಬೇಕು: ‘ನೋ ಸಚ್ ಥಿಂಗ್ ಆಸ್ ಎ ಸ್ಮಾಲ್ ಮಿಸ್ಟೇಕ್’. ಇನ್ನು ‘ನೋ ಸಚ್ ಎ ಥಿಂಗ್’ ಅಂತೂ ಬೇಡವೇ ಬೇಡ. ನೋ ಬಂದ ಕಡೆ ಎ ಕೂರಲ್ಲ.

ಮೂರನೇಭಾಷೆ:
ಇದೇ ಗುಂಪಿನಲ್ಲಿ ನನಗೆ ಇಷ್ಟವಾದದ್ದು ‘ದೇರ್ ಈಸ್ ನೋ ಟೆಲ್ಲಿಂಗ್’. ಮೊದಲು ಓದಿದಾಗ ‘ಹೇಳೋದಿಲ್ಲ’ ಅಂದುಕೊಂಡೆ. ಅದು ‘ಹೇಳೋಕಾಗಲ್ಲ’. ‘ನೋ ಸ್ಟಾಪಿಂಗ್ ಹರ್’ ಅಂದರೆ ಅವಳನ್ನ ತಡೆಯೋಕಾಗಲ್ಲ. ಇಲ್ಲ ಅನ್ನೋದು ಆಗಲ್ಲ ಅಂತ ಆಗೋದು ಇಲ್ಲೂ ಇದೆ.

ಹಳೇಪೆನ್ಸಿಲ್:
ತಮಾಷೆ ಅಂದರೆ ನಮ್ಮ ‘ಬರುವುದಿಲ್ಲ’ ಬಿಡಿಸಿದರೆ ‘ಬರುವುದು ಇಲ್ಲ’. ಪದಕ್ಕೆ ಪದ ಇಟ್ಟರೆ ‘ದೇರ್ ಈಸ್ ನೋ ಕಮಿಂಗ್’. ಕಟ್ಟು ಹೆಚ್ಚುಕಡಿಮೆ ಅದೇ, ಆದರೆ ನಮ್ಮದು ಬರೀ ‘ಬರಲ್ಲ’, ಅವರದು ‘ಬರೋಕಾಗಲ್ಲ’. ಅಲ್ಲೇ ಎಡವೋದು. ಗೊತ್ತಿಲ್ಲದ ನುಡಿಗಟ್ಟಿಗಿಂತ ಅರ್ಧ ನಮ್ಮ ಹಾಗೇ ಕಾಣೋ ನುಡಿಗಟ್ಟು ಜಾಸ್ತಿ ಮೋಸ ಮಾಡುತ್ತೆ.

ಬಾಲಂಗೋಚಿ:
ಇದನ್ನೆಲ್ಲ ಓದಿ ಒಂದು ತೀರ್ಮಾನಕ್ಕೆ ಬಂದೆ. ‘ಯೆಸ್’, ‘ನೋ’. ಇನ್ನು ಮೇಲೆ ಎರಡೇ.

ಅಲ್ಪವಿರಾಮ:
‘ಯು ಆರ್ ನಾಟ್ ಕಮಿಂಗ್?’ ಅಂತ ಕೇಳಿದರೆ? ಬರಲ್ಲ ಅನ್ನೋಕೆ ನಾವು ‘ಯೆಸ್’ ಅಂತೀವಿ, ಅವರು ‘ನೋ’ ಅಂತಾರೆ.

ಬಾಲಂಗೋಚಿ:
ಸರಿ, ಮೇಲ್ ಮಾಡೋದೇ ಬಿಟ್ಟೆ.

ಕೊಂಕು:
ಗಡಿಬಿಡಿ ಎಲ್ಲಿ? ಬೆಂಕಿ ಹಚ್ಚಿ ನಾಪತ್ತೆ.

ಗಡಿಬಿಡಿ:
ಬಂದೆ ಬಂದೆ, ಕೆಲಸದಲ್ಲಿ ಮುಳುಗಿದ್ದೆ. ಎಲ್ಲವನ್ನೂ ಎರಡೆರಡು ಸಲ ಓದಿದೆ. ಹಳೇಪೆನ್ಸಿಲ್ ಅವರ ‘ಮಾತು’ ನನ್ನ ಮಾನಿಟರ್ ಕೆಳಗೆ ಚೀಟಿಯಾಗಿ ಅಂಟಿದೆ. ಮೇಷ್ಟ್ರ ವಿವರಣೆಯನ್ನ ಮ್ಯಾನೇಜರ್‌ಗೆ ಹೇಳಿದೆ, ಅವರು ‘ನಾನೂ ಅದನ್ನೇ ಹೇಳಿದ್ದು’ ಅಂದರು.

ಕ್ಲೈಂಟ್‌ಗೆ ಅವತ್ತೇ ಕ್ಷಮೆ ಕೇಳಿ ‘ವಿ ವಿಲ್ ಫಿನಿಶ್ ಇಟ್ ಬೈ ಫ್ರೈಡೇ’ ಅಂತ ಬರೆದೆ. ನಗುಮುಖ ಹಾಕಲಿಲ್ಲ. ಅವರು ಸಮಾಧಾನ ಆದರು.

ಎರಡನೇಸಾಲು:
ಮುಗೀತಾ ಶುಕ್ರವಾರ?

ಗಡಿಬಿಡಿ:
ಸೋಮವಾರ ಮುಗೀತು.

ಸುಮ್ನೆಓದ್ತೀನಿ:
ಅಂದರೆ ಮೊದಲನೇ ಮೇಲೇ ಸರಿ ಇತ್ತು 😂

ನಿವೃತ್ತಮೇಷ್ಟ್ರು:
ವ್ಯಾಕರಣಕ್ಕೆ ಹತ್ತಕ್ಕೆ ಹತ್ತು.

ಹೊಸಬಳು22:
ನಮಸ್ತೆ, ಈಗ ತಾನೇ ಬಂದೆ, ಎಲ್ಲ ಓದೋಕೆ ಟೈಮಿಲ್ಲ. ‘ನೋ ಕ್ವೆಶ್ಚನ್ ಬಟ್ ದಟ್’ ಅಂತ ಒಂದು ಹಳೇ ಪುಸ್ತಕದಲ್ಲಿ ಇದೆ. ಆ ಬಟ್ ನೋಡಿ ಆಗಲ್ಲ ಅಂದುಕೊಂಡೆ. ಸರಿನಾ?

ಹಳೇಪೆನ್ಸಿಲ್:
ಇಲ್ಲಮ್ಮ, ಅದೂ ಖಂಡಿತ ಅಂತಲೇ. ಹಳೇ ಕಾಲದ ದಟ್ ಅದು, ಬಟ್ ಸುಮ್ನೆ ಜೊತೆಗೆ ಬಂದಿದೆ. ಮೇಲಿಂದ ಓದಿಕೊಂಡು ಬನ್ನಿ.